ಇಬ್ನ್ ಬತೂತಾನ ಬಂಡಿಮನೆ

ಶಾಲೆಯ ಮಕ್ಕಳನ್ನು ತುಂಬಿಕೊಂಡು ಓಡುವ ವ್ಯಾನನ್ನು ನಾವು ದಿನವೂ ನೋಡುತ್ತೇವೆ. ಇಂಗ್ಲಿಷಿನ 'ಕ್ಯಾರವಾನ್' ಮೊಟಕಾಗಿ 'ವ್ಯಾನ್' ಆಯಿತು. ಆ ಕ್ಯಾರವಾನ್ ನಮ್ಮ ಉರ್ದುವಿಗೂ ಬಂದಿರುವ ಫಾರ್ಸಿಯ 'ಕಾರ್‌ವಾನ್'. ಫಾರ್ಸಿಯಲ್ಲಿ ಅದರ ಅರ್ಥ ಜೊತೆಗೂಡಿ ನಡೆಯುವ ಪಯಣಿಗರ ತಂಡ. ಇಂಗ್ಲಿಷಿಗೆ ಹೋದ ಮೇಲೆ ಅದು ಜನರಿಂದ ಕಳಚಿ ಬಂಡಿಗೆ ಅಂಟಿಕೊಂಡಿತು. 1885ರಲ್ಲಿ ಬ್ರಿಟನ್ನಿನ ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ 'ವಾಂಡರರ್' ಎಂಬ ಕುದುರೆ ಗಾಡಿಯ ಮನೆ ಕಟ್ಟಿಸಿಕೊಂಡು ವಿಹಾರಕ್ಕೆ ಹೊರಟ. ಚಕ್ರದ ಮೇಲೆ ಮನೆ ಮಾಡಿಕೊಂಡು ಸುತ್ತುವ ಇಂದಿನ ಹವ್ಯಾಸ ಅಲ್ಲಿಂದ ಶುರುವಾಯಿತೆಂದು ಹೇಳುವುದುಂಟು.

ಆದರೆ ಅದಕ್ಕೂ ಐದೂವರೆ ಶತಮಾನ ಮೊದಲೇ ಇಂಥ ಮನೆಯ ಯಜಮಾನನಾಗಿ, ಅದರ ಸುಖವನ್ನು ಬರೆಸಿಟ್ಟವನೊಬ್ಬನಿದ್ದಾನೆ. ಅವನು ಇಬ್ನ್ ಬತೂತಾ. 1304ರಲ್ಲಿ ಮೊರಾಕ್ಕೋದ ಟಾಂಜಿಯರಿನಲ್ಲಿ ಹುಟ್ಟಿ, 1325ರಲ್ಲಿ ಹಜ್‌ಗೆಂದು ಮನೆ ಬಿಟ್ಟವನು 1330ರ ದಶಕದಲ್ಲಿ ಕಪ್ಪು ಸಮುದ್ರ ದಾಟಿ ಕ್ರಿಮಿಯಾಕ್ಕೆ ಬಂದ. ಮುಂದಿನದು ಉಜ್ಬೆಗ್ ಖಾನನ ರಾಜ್ಯ. ಮರವಿಲ್ಲದ, ಗುಡ್ಡವಿಲ್ಲದ ಹುಲ್ಲುಗಾವಲು. ಅಲ್ಲಿ ಪಯಣಿಸಲು ಅವನು ಬಂಡಿಗಳನ್ನು ಕೊಂಡ.

ಅಲ್ಲಿಯವರು ಅದನ್ನು 'ಅರಬಾ' ಎನ್ನುತ್ತಿದ್ದರು. ನಾಲ್ಕು ದೊಡ್ಡ ಚಕ್ರ, ಮೇಲೆ ಮರದ ಪಟ್ಟಿಗಳನ್ನು ಚರ್ಮದ ದಾರದಿಂದ ಬಿಗಿದು ಕಂಬಳಿ ಹೊದಿಸಿದ ಗುಮ್ಮಟ, ಅದಕ್ಕೆ ಜಾಲಂದ್ರದ ಕಿಟಕಿ. ಒಳಗಿದ್ದವನು ಹೊರಗಿನವರನ್ನು ನೋಡಬಹುದು, ಅವನು ಯಾರಿಗೂ ಕಾಣಿಸುವುದಿಲ್ಲ. ಬಂಡಿ ಸಾಗುತ್ತಿರುವಾಗಲೇ ಮಲಗಬಹುದು, ಉಣ್ಣಬಹುದು, ಓದಬಹುದು, ಬರೆಯಬಹುದು. ಅಲ್ಲಿಯವರೆಗೆ ಒಂಟೆ, ಕುದುರೆಗಳ ಮೇಲೆ ಮೈ ನೋಯಿಸಿಕೊಂಡು ಬಂದವನ ಹಿಗ್ಗು ಈ ವರ್ಣನೆಯಲ್ಲಿ ಕಾಣುತ್ತದೆ.

ಅವನು ನೆನೆಸದೆ ಇದ್ದ ಪಾಠಗಳೂ ಒಂದೊಂದಾಗಿ ಎದುರಾದವು. ಮೊದಲನೆಯದು, ರಾತ್ರಿ ಪ್ರಾಣಿಗಳನ್ನು ಕಾವಲಿಲ್ಲದೆ ಮೇಯಲು ಬಿಡುವ ಪದ್ಧತಿ. ಕದ್ದ ಕುದುರೆಯೊಂದು ಸಿಕ್ಕಿದರೆ ಕದ್ದವನು ಅದರ ಜೊತೆಗೆ ಅಂಥವೇ ಒಂಬತ್ತು ಕೊಡಬೇಕು. ಕೊಡಲಾರದವನಿಗೆ ಘೋರ ಶಿಕ್ಷೆ. ಬಂಡಿಯೊಳಗೆ ಅವನು ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದು ಕಂಬಳಿಯ ಗೋಡೆಯ ಬಲದಿಂದಲ್ಲ, ಆ ನೆಲದ ಕಟ್ಟಳೆಯ ಬಲದಿಂದ.

ಎರಡನೆಯದು ಹೆಂಗಸರ ಸ್ಥಾನ. ಬಂಡಿಯ ಕಿಟಕಿ ತೆರೆದು, ಮುಖ ಮುಚ್ಚದೆ, ವ್ಯಾಪಾರಿಗಳ ಹೆಂಡತಿಯರು ಪೇಟೆಗೆ ಬರುತ್ತಿದ್ದರು. ಜೊತೆಯಲ್ಲಿರುವ ಗಂಡ ಕುರಿಚರ್ಮದ ಅಂಗಿಯಲ್ಲಿ ಆಳಿನಂತೆ ಕಾಣುತ್ತಿದ್ದ. ಖಾಜಿಯಾಗುವಷ್ಟು ಶರೀಅತ್ ಓದಿದ್ದ ಈ ಮಗ್ರಿಬಿಗೆ ಇದು ಬೆರಗು. ಇವರೂ ಮುಸ್ಲಿಮರೇ ಎಂಬುದನ್ನು ಅವನು ಮರೆಯುವಂತಿರಲಿಲ್ಲ. ತನ್ನ ಊರಿನ ವಾಡಿಕೆಯೇ ಇಡೀ ದೀನ್ ಎಂದುಕೊಂಡವರು ಓದಬೇಕಾದ ಪುಟವಿದು.

ಇಷ್ಟು ಕಂಡವನ ಕಣ್ಣಿಗೆ ಬೀಳದ್ದೂ ಒಂದಿದೆ. ತನಗೊಂದು ಬಂಡಿ, ಗೆಳೆಯನಿಗೊಂದು ಚಿಕ್ಕದು, ಉಳಿದ ಸಂಗಾತಿಗಳಿಗೆ ಮೂರು ಒಂಟೆಗಳ ದೊಡ್ಡದು ಎಂದು ಲೆಕ್ಕ ಕೊಡುವಾಗ, ತನ್ನ ಬಂಡಿಯಲ್ಲಿ ಒಬ್ಬ ದಾಸಿಯೂ ಇದ್ದಳೆಂದು ಹೇಳಿ ಮುಂದೆ ಹೋಗುತ್ತಾನೆ. ಅದೇ ಕಿಟಕಿಯಿಂದ ಅವಳು ಏನು ನೋಡಿದಳು? ಗ್ರಂಥ ಅದನ್ನು ಹೇಳುವುದಿಲ್ಲ. ಕಥೆ ಬರೆಯುವ ನನಗೆ ಅಲ್ಲಿಂದ ಮುಂದಕ್ಕೆ ಸಾಗುವುದು ಕಷ್ಟವಾಗುತ್ತದೆ.

ರಮಜಾನಿನ ಹೊತ್ತಿಗೆ ಅವನು ಖಾನನ ಬಿಡಾರವನ್ನು ಕಂಡ. ಮಸೀದಿ, ಬಜಾರುಗಳ ಸಮೇತ ಒಂದು ಪಟ್ಟಣವೇ ಚಲಿಸುತ್ತಿತ್ತು; ನಡೆಯುತ್ತಲೇ ಅಡುಗೆ ಮಾಡುತ್ತಿದ್ದುದರಿಂದ ಒಲೆಗಳ ಹೊಗೆ ಆಕಾಶಕ್ಕೇರುತ್ತಿತ್ತು. ಖಾನನ ಹೆಂಡತಿ, ಬೈಜಾಂಟಿಯಂ ಚಕ್ರವರ್ತಿಯ ಮಗಳು ಬಯಲೂನ್ ಖಾತೂನ್ ತವರಿಗೆ ಹೊರಟಾಗ ಅವನೂ ಜೊತೆಗೆ ಹೋದ. ಗಡಿಯ ಕೋಟೆಯ ಮುಂದೆ ಗುಡ್ಡಗಾಡು; ಬಂಡಿಗಳನ್ನು ಅಲ್ಲೇ ಬಿಡಬೇಕಾಯಿತು. ಖಾತೂನ್ ತನ್ನ ಸಂಚಾರಿ ಮಸೀದಿಯನ್ನೂ ಅಲ್ಲೇ ಬಿಟ್ಟಳು. ಅಲ್ಲಿಂದ ಮುಂದೆ ಅಜಾನ್ ಕೇಳಲಿಲ್ಲ.

ಮರಳುವಾಗ ಕಡು ಚಳಿಗಾಲ. ಮೂರು ತುಪ್ಪಳದ ಅಂಗಿ ತೊಟ್ಟು ಕುದುರೆ ಹತ್ತಲಾರದೆ ಸಂಗಾತಿಗಳಿಂದ ಎತ್ತಿಸಿಕೊಳ್ಳುತ್ತಿದ್ದ. ಬೆಂಕಿಯ ಪಕ್ಕದಲ್ಲಿ ಬಿಸಿನೀರಿನಿಂದ ವುಜೂ ಮಾಡಿದರೂ ಗಡ್ಡಕ್ಕಿಳಿದ ನೀರು ಹೆಪ್ಪುಗಟ್ಟಿ, ಕೊಡವಿದರೆ ಹಿಮದಂತೆ ಉದುರುತ್ತಿತ್ತು. ಖ್ವಾರಿಜ್ಮಿನ ದಾರಿಯಲ್ಲಿ ಮೇವು ಸಾಲದೆಂದು ಬಂಡಿಯ ಕುದುರೆಗಳನ್ನು ಅಗ್ಗಕ್ಕೆ ಮಾರಿ, ಬಾಡಿಗೆಗೆ ಒಂಟೆ ಹಿಡಿದ. ಬಂಡಿ ತನ್ನದು, ಆದರೆ ಅದು ಸಾಗುವುದು ಹುಲ್ಲು, ಹವೆ, ನೆಲ ಒಪ್ಪಿದಷ್ಟು ದೂರ ಮಾತ್ರ.

ಈ ಕಥೆಯ ಕೊನೆ ನಮ್ಮ ಕರಾವಳಿಯಲ್ಲಿದೆ. ದೆಹಲಿಯಲ್ಲಿ ಖಾಜಿಯಾಗಿ ಕೆಲಸ ಮಾಡಿ, 1340ರ ದಶಕದಲ್ಲಿ ಅವನು ಪಶ್ಚಿಮ ತೀರಕ್ಕೆ ಬಂದ. ಇಲ್ಲಿ ಸವಾರಿಗೆ ಪ್ರಾಣಿಗಳೇ ಇಲ್ಲ, ಕುದುರೆ ಇರುವುದು ಸುಲ್ತಾನನಲ್ಲಿ ಮಾತ್ರ, ಉಳಿದವರು ಡೋಲಿಯಲ್ಲೋ ಕಾಲ್ನಡಿಗೆಯಲ್ಲೋ ಹೋಗುತ್ತಾರೆ ಎಂದು ಬರೆದ. ಆದರೆ ಅರ್ಧ ಮೈಲಿಗೊಂದರಂತೆ ಮರದ ತಂಗುದಾಣ, ಬಾವಿ, ನೀರು ಕೊಡುವ ಮನುಷ್ಯ ಇದ್ದರು. ಅನ್ಯರಿಗೆ ಪಾತ್ರೆಯಲ್ಲಿ ಕೊಟ್ಟು, ಮುಸ್ಲಿಮರಿಗೆ ಬೊಗಸೆಗೆ ಸುರಿಯುತ್ತಿದ್ದರೆಂಬುದನ್ನೂ ಅವನು ಮುಚ್ಚಿಡಲಿಲ್ಲ. ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನು ಕಂಡು, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲವೆಂದ.

ಮುಂದೆ ಹೊನ್ನಾವರ, ಬಾರಕೂರುಗಳ ನಡುವಿನ ಸಮುದ್ರದಲ್ಲಿ ಹನ್ನೆರಡು ಹಡಗುಗಳ ಕಡಲ್ಗಳ್ಳರು ಅವನನ್ನು ಪೂರ್ತಿ ದೋಚಿದರು. ಮೂರು ಬಂಡಿಗಳ ಯಜಮಾನನ ಮೈಮೇಲೆ ಒಂದು ಪೈಜಾಮ ಮಾತ್ರ ಉಳಿಯಿತು. ಹಾಗೇ ಕಲ್ಲಿಕೋಟೆಗೆ ಬಂದು ಮಸೀದಿಯೊಂದನ್ನು ಹೊಕ್ಕ. ಒಬ್ಬ ಫಕೀಹ್ ನಿಲುವಂಗಿ ಕಳಿಸಿದ, ಖಾಜಿ ಪೇಟ ಕಳಿಸಿದ, ಒಬ್ಬ ವ್ಯಾಪಾರಿ ಇನ್ನೊಂದು ಅಂಗಿ ಕಳಿಸಿದ.

ತುರ್ಕಿಯಲ್ಲಿ ಇಂದು 'ಅರಬಾ' ಎಂದರೆ ಮೋಟಾರು ಕಾರು. ಕಾರ್‌ವಾನ್ ಎಂದರೆ ಮಾತ್ರ ಮೊದಲಿಗೆ ಬಂಡಿಯಾಗಿರಲಿಲ್ಲ, ಜೊತೆಗಿರುವ ಜನವಾಗಿತ್ತು. ಮೈಮೇಲೆ ಬಟ್ಟೆಯಿಲ್ಲದೆ ನಿಂತ ಇಬ್ನ್ ಬತೂತಾನಿಗೆ ಕಲ್ಲಿಕೋಟೆಯಲ್ಲಿ ಸಿಕ್ಕಿದ್ದು ಅದೇ.