ತೊಲೆಯ ಲೆಕ್ಕ

ಬಳ್ಳಾರಿ, ಚಿತ್ರದುರ್ಗ, ರಾಯಚೂರು ಕಡೆಯವರಿಗೆ ಮಾಳಿಗೆ ಮನೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಅಡ್ಡಕ್ಕೆ ಜಂತೆ, ಜಂತೆಯ ಮೇಲೆ ಒತ್ತಾಗಿ ಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲದರ ಮೇಲೆ ಮಣ್ಣು. ಬೇಸಿಗೆಯಲ್ಲಿ ಅದರ ಮೇಲೆ ಮಲಗಿ ನಕ್ಷತ್ರ ಎಣಿಸಿದವರು ನಮ್ಮಲ್ಲಿ ಬಹಳ ಜನ ಇದ್ದೀವಿ :) ಆದರೆ ಕೆಳಗಿನ ತೊಲೆ ಎಷ್ಟು ಭಾರ ಹೊತ್ತಿದೆ ಅಂತ ಎಷ್ಟು ಜನ ಯೋಚಿಸಿದ್ದೀವಿ?

ಲೆಕ್ಕ ಸುಲಭ. ಗಟ್ಟಿಸಿದ ಒಂದು ಘನ ಅಡಿ ಮಣ್ಣು ಹೆಚ್ಚುಕಡಿಮೆ 45ರಿಂದ 50 ಕೆ.ಜಿ. ತೂಗುತ್ತದೆ. 10 ಅಡಿಗೆ 10 ಅಡಿಯ ಕೋಣೆ, ಮೇಲೆ ಒಂದಡಿ ಮಣ್ಣು ಅಂದರೆ ನಾಲ್ಕೂವರೆ ಟನ್ನಿಗೂ ಮೇಲೆ! ಮಳೆಗೆ ನೆನೆದರೆ ಇನ್ನೂ ಹೆಚ್ಚು.

ಇಷ್ಟು ಭಾರಕ್ಕೆ ಎಂಥ ತೊಲೆ ಬೇಕು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಲೆಕ್ಕ ಬರೆದವನು ಗೆಲಿಲಿಯೋ. ಹೌದು, ಅದೇ ದೂರದರ್ಶಕದ ಗೆಲಿಲಿಯೋ. ಗೃಹಬಂಧನದಲ್ಲಿದ್ದ ಮುದುಕನ ಕೊನೆಯ ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಅದು ಕೈಸೇರುವ ಹೊತ್ತಿಗೆ ಅವನ ಕಣ್ಣು ಹೋಗಿತ್ತು. ಅದರಲ್ಲಿ ಅವನು ಹೇಳಿದ್ದು ಇಷ್ಟು: ತೊಲೆಯ ಅಗಲ ಎರಡರಷ್ಟಾದರೆ ಬಲವೂ ಎರಡರಷ್ಟು, ಆದರೆ ಎತ್ತರ ಎರಡರಷ್ಟಾದರೆ ಬಲ ನಾಲ್ಕರಷ್ಟು. 2 ಇಂಚು, 8 ಇಂಚಿನ ಹಲಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿದರೆ ಮರ ಅಷ್ಟೇ, ಬಲ ನಾಲ್ಕು ಪಟ್ಟು. ಬಾಗದೆ ನಿಲ್ಲುವ ಗುಣ ಹದಿನಾರು ಪಟ್ಟು!

ತಮಾಷೆ ಅಂದರೆ, ಈ ಹೋಲಿಕೆ ಸರಿಯಿದ್ದರೂ ಅವನ ಒಟ್ಟು ಲೆಕ್ಕ ತಪ್ಪಿತ್ತು. ಅವನ ಪ್ರಕಾರ ಹೋದರೆ ತೊಲೆಯ ಬಲ ನಿಜಕ್ಕಿಂತ ಮೂರು ಪಟ್ಟು ಹೆಚ್ಚು ಬರುತ್ತದೆ. ಬಾಗಿದ ತೊಲೆಯ ಕೆಳಮೈ ಹಿಗ್ಗುತ್ತದೆ, ಮೇಲ್ಮೈ ಕುಗ್ಗುತ್ತದೆ, ನಡುವಿನ ಒಂದು ಪದರ ಎರಡೂ ಇಲ್ಲದೆ ಇರುತ್ತದೆ. ಇದನ್ನು ಪಾರಾಂ, ಕೂಲಂ ಮೊದಲಾದವರು 18ನೇ ಶತಮಾನದಲ್ಲಿ ಸರಿಪಡಿಸಿದರು.

ನಮ್ಮ ಬಡಗಿಗಳು ಇದ್ಯಾವುದನ್ನೂ ಓದಿರಲಿಲ್ಲ. ಆದರೆ ಮನೆಗಳನ್ನು ನೋಡಿ. ಕೋಣೆಗಳು ಉದ್ದವಾಗಿರಬಹುದು, ಅಗಲ ಮಾತ್ರ ಕಮ್ಮಿ. ಯಾಕೆ? 10 ಅಡಿಯ ಅಗಲವನ್ನು 12 ಮಾಡಿದರೆ, ಮೇಲೆ ಅದೇ ದಪ್ಪದ ಮಣ್ಣಿದ್ದಾಗ, ಅದೇ ತೊಲೆ ಎರಡರಷ್ಟು ಬಾಗುತ್ತದೆ. ಕಂಬದ ತಲೆಯ ಮೇಲಿನ ಬೋದಿಗೆಯನ್ನು ನಾವು ಕೆತ್ತನೆಗಾಗಿ ಮೆಚ್ಚುತ್ತೇವೆ. ಅದರ ಅಸಲಿ ಕೆಲಸ ತೊಲೆಗೆ ಎರಡೂ ಕಡೆ ಕೈಕೊಟ್ಟು, ಆಸರೆಯಿಲ್ಲದ ದೂರವನ್ನು ಕಮ್ಮಿ ಮಾಡುವುದು.

ದೊಡ್ಡ ಮರ ಸಿಗದಿದ್ದರೆ? ಈ ತಾಪತ್ರಯ ನಮ್ಮದೊಂದೇ ಅಲ್ಲ. ಫ್ರಾನ್ಸಿನ ಫಿಲಿಬೇರ್ ದ ಲೋರ್ಮ್ 1561ರಲ್ಲೇ, ಚಿಕ್ಕ ಹಲಗೆಗಳನ್ನು ಜೋಡಿಸಿ ಅಗಲವಾದ ಛಾವಣಿ ಕಟ್ಟುವ ಉಪಾಯವನ್ನು ಪುಸ್ತಕವಾಗಿ ಬರೆದ. 1906ರಲ್ಲಿ ಜರ್ಮನಿಯ ಒಟ್ಟೋ ಹೆಟ್ಸರ್ ಹಲಗೆಗಳನ್ನು ಅಂಟಿಸಿದ ಬಾಗು ತೊಲೆಗೆ ಪೇಟೆಂಟ್ ಪಡೆದ. ಗುಟ್ಟು ಇರುವುದೇ ಜೋಡಣೆಯಲ್ಲಿ. ಎರಡು ಹಲಗೆಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಬಲ ಎರಡರಷ್ಟು. ಒಂದರ ಮೇಲೊಂದು ಜಾರದಂತೆ ಬಿಗಿದರೆ ನಾಲ್ಕರಷ್ಟು. ಮನೆಯಲ್ಲೇ ತೊಲೆ ಮಾಡಿಕೊಳ್ಳುವವರು ನೆನಪಿಡಬೇಕಾದ ಮಾತು ಇದು.

ಇದನ್ನೆಲ್ಲ ಈಗ ಯಾಕೆ ಕೊರೆಯುತ್ತಿದ್ದೇನೆ ಅಂದರೆ, ನಮ್ಮ ದೊಡ್ಡಪ್ಪನ ಮಾಳಿಗೆ ಮನೆ ಕೆಡವಬೇಕೋ ಉಳಿಸಬೇಕೋ ಅನ್ನುವ ಜಗಳ ಮನೆಯಲ್ಲಿ ನಡೆದಿದೆ. ಅಣ್ಣನ ಭಯ ಸುಳ್ಳಲ್ಲ. 2009ರ ಅಕ್ಟೋಬರಿನ ಮಳೆಗೆ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆ ಬಿದ್ದದ್ದನ್ನು ಎಲ್ಲರೂ ಕಂಡಿದ್ದೇವೆ. ಸೋರಿದಾಗಲೆಲ್ಲ ಮೇಲೆ ಹೊಸ ಮಣ್ಣು ಹಾಕುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ. ಭಾರ ವರ್ಷ ವರ್ಷ ಏರುತ್ತದೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಗೆದ್ದಲು ತಿಂದರೂ ಹೊರಗೆ ಕಾಣುವುದಿಲ್ಲ.

ನಾನು ಹೇಳಿದ್ದು ಇಷ್ಟೇ: ಕೆಡವುವ ಮೊದಲು ಹೆಚ್ಚಿನ ಮಣ್ಣು ಇಳಿಸಿ, ತೊಲೆಯ ತುದಿ ಬಿಡಿಸಿ ನೋಡೋಣ. ಮರ ಗಟ್ಟಿಯಿದ್ದರೆ ನಟ್ಟನಡುವೆ ಒಂದು ಕಂಬ ಕೊಟ್ಟರೆ ಸಾಕು, ತೊಲೆಯನ್ನು ಬಾಗಿಸುವ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ತುದಿ ಟೊಳ್ಳಾಗಿದ್ದರೆ ಅಣ್ಣನ ಮಾತೇ ಸರಿ, ಮಕ್ಕಳು ಮಲಗುವ ಮನೆ ಅದು. ದೊಡ್ಡಪ್ಪ ಒಪ್ಪಿದ್ದಾರೆ. ಮಳೆಗಾಲಕ್ಕೆ ಮೊದಲು ಬಿಚ್ಚಿ ನೋಡುತ್ತೇವೆ.

ನಿಮ್ಮೂರಿನ ಮಾಳಿಗೆಗೆ ಯಾವ ಮರದ ತೊಲೆ ಹಾಕುತ್ತಿದ್ದರು? ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.