ತುಂತುರು ಮಂಜಿನ ತಂಪು ಯಾರ ಪಾಲಿಗೆ? ಹಾಲ್ಡೇನ್ ವಾದದ ಒಂದು ಮರುಪರಿಶೀಲನೆ

ಹೋಟೆಲಿನ ಅಂಗಳ, ಮದುವೆಯ ಶಾಮಿಯಾನ, ಹಸಿರುಮನೆ, ಕೋಳಿ ಶೆಡ್ಡು: ನೀರನ್ನು ಸಣ್ಣ ಹನಿಗಳಾಗಿ ಸಿಡಿಸಿ ಗಾಳಿಯನ್ನು ತಂಪು ಮಾಡುವ ಏರ್ಪಾಟು ಈಗ ಇಲ್ಲೆಲ್ಲ ಇದೆ. ಇದರ ಭೌತವಿಜ್ಞಾನದ ಬಗ್ಗೆ ತಕರಾರಿಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,450 ಜೂಲ್ ಶಾಖ ಬೇಕು. ಅದನ್ನು ಗಾಳಿಯಿಂದಲೇ ಹೀರಿಕೊಂಡರೆ ಒಂದು ಘನ ಮೀಟರ್ ಗಾಳಿಯ ತಾಪ ಹೆಚ್ಚುಕಡಿಮೆ 2 ಡಿಗ್ರಿ ಇಳಿಯುತ್ತದೆ. ಇಳಿಕೆಗೆ ತಳಮಿತಿಯೂ ಉಂಟು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಆರ್ದ್ರ ಬಲ್ಬ್ ತಾಪಕ್ಕಿಂತ ಕೆಳಗೆ ಗಾಳಿ ಹೋಗದು. 1992ರ ಸೆವಿಲ್ ವಿಶ್ವಮೇಳದ ಬಯಲು ಜಾಗಗಳಲ್ಲೂ 2005ರಲ್ಲಿ ಜಪಾನಿನ ಐಚಿ ಮೇಳದಲ್ಲೂ ಈ ವಿಧಾನ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. ಮುಚ್ಚಿದ ಕೋಣೆಯಲ್ಲಿ ತೇವದ ಗಾಳಿಯನ್ನು ಹೊರದೂಡುವ ಫ್ಯಾನ್ ಇಲ್ಲದಿದ್ದರೆ ಮಂಜು ಸೆಕೆಯಾಗುತ್ತದೆ ಎಂಬುದನ್ನೂ ಎಲ್ಲರೂ ಒಪ್ಪುತ್ತಾರೆ.

ಜಗಳವಿರುವುದು ಬೇರೆ ಕಡೆ. ಗಾಳಿಯ ತಾಪ ಇಳಿದ ಮಾತ್ರಕ್ಕೆ ಮನುಷ್ಯನಿಗೆ ತಂಪಾಯಿತೇ? ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ 1905ರಲ್ಲಿ ಇದಕ್ಕೆ ಖಡಕ್ ಉತ್ತರ ಕೊಟ್ಟಿದ್ದ. ನಿಶ್ಚಲವಾದ ಬಿಸಿ ಗಾಳಿಯಲ್ಲಿ ದೇಹಕ್ಕೆ ಲೆಕ್ಕಕ್ಕೆ ಬರುವುದು ಆರ್ದ್ರ ಬಲ್ಬ್ ತಾಪ, ಸಾಧಾರಣ ಉಷ್ಣಮಾಪಕದ ಅಂಕಿಯಲ್ಲ ಎಂಬುದು ಅವನ ನಿಲುವು. ಅದು 25.5 ಡಿಗ್ರಿ ದಾಟಿದರೆ ಕಠಿಣ ದುಡಿಮೆ ಮುಂದುವರಿಸಲಾಗದು, 31 ದಾಟಿದರೆ ಸುಮ್ಮನೆ ಇರುವುದೂ ಕಷ್ಟ ಎಂದು ಅವನು ಹೇಳಿದ. ಮಂಜು ಹಾಯಿಸುವವರಿಗೆ ಇದು ಮುಜುಗರದ ಮಾತು. ಆವಿಯಾಗುವ ನೀರು ಗಾಳಿಯ ಶಾಖವನ್ನು ತೆಗೆದು ಅಷ್ಟೇ ತೇವವನ್ನು ಅದಕ್ಕೆ ಸೇರಿಸುವುದರಿಂದ ಆರ್ದ್ರ ಬಲ್ಬ್ ತಾಪ ಇದ್ದಲ್ಲಿಯೇ ಉಳಿಯುತ್ತದೆ. ಹಾಲ್ಡೇನ್ ಲೆಕ್ಕದಲ್ಲಿ ಮಂಜಿನ ಲಾಭ ಸೊನ್ನೆ. ಯಾಗ್ಲೂ ಮತ್ತು ಮಿನಾರ್ಡ್ 1957ರಲ್ಲಿ ಮಂಡಿಸಿದ, ಇಂದು ಅಂತರರಾಷ್ಟ್ರೀಯ ಮಾನಕವಾಗಿರುವ, ಬಿಸಿಯ ಒತ್ತಡವನ್ನು ಅಳೆಯುವ ಡಬ್ಲ್ಯುಬಿಜಿಟಿ ಸೂಚ್ಯಂಕವೂ ಇದೇ ದಾರಿಯದು. ಅದರಲ್ಲಿ ಆರ್ದ್ರ ಬಲ್ಬ್‌ನ ಪಾಲು 0.7. ನೆರಳಿನಲ್ಲಿ ಗಾಳಿ 7 ಡಿಗ್ರಿ ತಣಿದರೂ ಸೂಚ್ಯಂಕ ಇಳಿಯುವುದು ಹೆಚ್ಚೆಂದರೆ 2.1.

ಈ ತೀರ್ಪು ಎಲ್ಲ ದೇಹಗಳಿಗೂ ಅನ್ವಯಿಸದು ಎಂಬುದು ಈ ಲೇಖನದ ವಾದ.

ಕಲಬುರಗಿಯ ಮೇ ತಿಂಗಳ ಒಂದು ಮಧ್ಯಾಹ್ನವನ್ನು ತೆಗೆದುಕೊಳ್ಳೋಣ. ಗಾಳಿ 41 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 20 ಎಂದಿಟ್ಟುಕೊಂಡರೆ ಸ್ಟಲ್ 2011ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಆರ್ದ್ರ ಬಲ್ಬ್ ತಾಪ 23.4. ನಡುವಿನ ಅಂತರ 17.6 ಡಿಗ್ರಿ. ಬಯಲಿನಲ್ಲಿ ಅದರ ಶೇ. 40 ಮಾತ್ರ ದಕ್ಕಿತೆನ್ನೋಣ. ಗಾಳಿ 34ಕ್ಕೆ ಇಳಿಯುತ್ತದೆ. ಚರ್ಮದ ತಾಪ 35, ಗಾಳಿಯ ವೇಗ ಸೆಕೆಂಡಿಗೆ ಒಂದು ಮೀಟರ್. ಮಂಜಿಗೆ ಮುಂಚೆ ಬರಿಮೈಯ ಪ್ರತಿ ಚದರ ಮೀಟರಿಗೆ ಗಾಳಿಯಿಂದ ಸುಮಾರು 50 ವಾಟ್ ಶಾಖ ಒಳಬರುತ್ತಿತ್ತು. ಮಂಜಿನ ನಂತರ ಸುಮಾರು 8 ವಾಟ್ ಹೊರಹೋಗುತ್ತದೆ. ಒಟ್ಟು ಲಾಭ 58 ವಾಟ್. ಇನ್ನೊಂದು ಕಡೆ, ಗಾಳಿಯಲ್ಲಿ ತೇವ ಹೆಚ್ಚಿದ್ದರಿಂದ ಪೂರ್ತಿ ಒದ್ದೆಯಾದ ಮೈಯಿಂದ ಆವಿಯ ಮೂಲಕ ಹೋಗಬಹುದಾದ ಗರಿಷ್ಠ ಶಾಖ ಸುಮಾರು 555 ವಾಟ್‌ನಿಂದ 490ಕ್ಕೆ ಇಳಿಯುತ್ತದೆ. ನಷ್ಟ 65ರ ಹತ್ತಿರ. ಬೆವರಿನಲ್ಲಿ ತೊಯ್ದವನ ಮಟ್ಟಿಗೆ ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಯಿತು. ಹಾಲ್ಡೇನ್ ಹೇಳಿದ್ದೂ ಇದನ್ನೇ, ಅವನು ಹೇಳಿದ್ದು ನಿಜವೇ.

ಆದರೆ ಮೈ ಪೂರ್ತಿ ಒದ್ದೆಯಾಗಿಲ್ಲದಿದ್ದರೆ? ಒಣ ಹವೆಯಲ್ಲಿ ನೆರಳಿನಲ್ಲಿ ಕುಳಿತವನ ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ. ಚರ್ಮದ ಮೂರರಲ್ಲೊಂದು ಪಾಲಷ್ಟೇ ಒದ್ದೆ ಇದೆಯೆಂದರೆ ಆ 65 ವಾಟ್ ನಷ್ಟದಲ್ಲಿ ಅವನಿಗೆ ತಟ್ಟುವುದೂ ಮೂರರಲ್ಲೊಂದು ಪಾಲು, ಅಂದರೆ 22ರ ಆಸುಪಾಸು. ಲಾಭದ 58 ಮಾತ್ರ ಹಾಗೆಯೇ ಇರುತ್ತದೆ. ವಯಸ್ಸಾದಂತೆ ಬೆವರುವ ಶಕ್ತಿ ಕುಂದುತ್ತದೆ. ಕೆಲವು ಔಷಧಿಗಳೂ ಬೆವರನ್ನು ತಡೆಯುತ್ತವೆ. ಅಂಥವರಲ್ಲಿ ಆವಿಯಾಗುವುದು ಹುಟ್ಟಿದ ಬೆವರಿನಷ್ಟೇ. ಗಾಳಿಯ ತೇವ ಸ್ವಲ್ಪ ಏರಿದರೂ ಆ ಪ್ರಮಾಣ ಕಡಿಮೆಯಾಗದು, ಹಾಗಾಗಿ ನಷ್ಟ ಬಹುತೇಕ ಇಲ್ಲ. ಡಬ್ಲ್ಯುಬಿಜಿಟಿ ಹುಟ್ಟಿದ್ದು ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಕವಾಯತು ಮಾಡಿ ಬೆವರಿಳಿಸುವ ಯುವಕನ ಅಳತೆಗೋಲಿನಿಂದ ಬಸ್ ನಿಲ್ದಾಣದಲ್ಲಿ ಕೂತ ಎಪ್ಪತ್ತರ ಅಜ್ಜಿಯನ್ನು ಅಳೆಯುವುದು ನ್ಯಾಯವಲ್ಲ.

ಈ ವಾದಕ್ಕೆ ಪುರಾವೆ ಪಶುವಿಜ್ಞಾನದಲ್ಲಿ ಸಿಗುತ್ತದೆ. ತಾಪ ಕುರಿತ ಚರ್ಚೆಯಲ್ಲಿ ವಾಸ್ತುಶಿಲ್ಪಿಗಳು ಅತ್ತ ಇಣುಕುವುದು ಕಡಿಮೆ. ದನಗಳ ಮೇಲಿನ ಬಿಸಿಯ ಒತ್ತಡವನ್ನು ಅಳೆದ ಬಿಯಾಂಕಾ 1962ರಲ್ಲಿ ಶುಷ್ಕ ಬಲ್ಬ್‌ಗೆ, ಅಂದರೆ ಸಾಧಾರಣ ಉಷ್ಣಮಾಪಕದ ಅಂಕಿಗೆ, 0.35, ಆರ್ದ್ರ ಬಲ್ಬ್‌ಗೆ 0.65 ತೂಕ ಕೊಟ್ಟರು. ಮಾರಾಟದ ತೂಕಕ್ಕೆ ಬಂದ ಬ್ರಾಯ್ಲರ್ ಕೋಳಿಗಳ ಬಗ್ಗೆ ಟಾವೊ ಮತ್ತು ಶಿನ್ 2003ರಲ್ಲಿ ಕಂಡುಕೊಂಡ ತೂಕ ಇದಕ್ಕೆ ತಿರುಗುಮುರುಗು: ಶುಷ್ಕಕ್ಕೆ 0.85, ಆರ್ದ್ರಕ್ಕೆ 0.15. ದನ ಬೆವರುತ್ತದೆ. ಕೋಳಿಗೆ ಬೆವರುಗ್ರಂಥಿಯಿಲ್ಲ, ಅದು ಆವಿಯ ಮೂಲಕ ತಣಿಯುವುದು ಮುಖ್ಯವಾಗಿ ಏದುಸಿರಿನಿಂದ. ಬೆವರು ಕಡಿಮೆಯಾದಷ್ಟೂ ಗಾಳಿಯ ಬರಿಯ ತಾಪವೇ ಮುಖ್ಯವಾಗುತ್ತದೆ ಎಂದು ಈ ಎರಡು ಜೋಡಿ ಅಂಕಿಗಳು ಸೂಚಿಸುತ್ತವೆ. ಕೋಳಿ ಸಾಕುವವರು ಮಂಜು ಹಾಯಿಸುವ ಫಾಗರ್ ನಂಬುವುದು ಕುರುಡು ನಂಬಿಕೆಯಲ್ಲ. ಬೆವರದ ಮುದುಕನನ್ನು ಬೆವರುವ ಯುವಕನಿಗೂ ಕೋಳಿಗೂ ನಡುವೆ ಎಲ್ಲೋ ಇಡಬೇಕೆಂಬ ನನ್ನ ಮಾತು ಸಾದೃಶ್ಯದ ಬಲದ್ದು, ಅಳತೆಯ ಬಲದ್ದಲ್ಲ, ಹಾಗೆಂದೇ ಓದಬೇಕು.

ಇನ್ನೂ ಕೆಲವು ಕಟ್ಟುಪಾಡುಗಳಿವೆ. ಮೇಲಿನ ಅಂಕಿಗಳು ಬರಿಮೈಗೆ ಹಾಕಿದ ಲೆಕ್ಕ. ಬಟ್ಟೆ ಎರಡೂ ಬದಿಯನ್ನು ತಗ್ಗಿಸುತ್ತದೆ. ಬಿಸಿಲಿನ ನೇರ ಶಾಖ ಇದರಲ್ಲಿ ಸೇರಿಲ್ಲ, ನೆರಳಿಲ್ಲದ ಮಂಜು ಹೆಚ್ಚುಕಡಿಮೆ ವ್ಯರ್ಥ. ಶೇ. 40 ಎಂಬ ದಕ್ಷತೆ ನನ್ನ ಊಹೆ, ಗಾಳಿ ಜೋರಾದರೆ ಅದು ಕುಸಿಯುತ್ತದೆ. ಹತ್ತು ಚದರ ಮೀಟರಿನ ಬಾಯಿಯ ಮೂಲಕ ಸೆಕೆಂಡಿಗೆ ಒಂದು ಮೀಟರ್ ಬೀಸುವ ಗಾಳಿಯನ್ನು 7 ಡಿಗ್ರಿ ತಣಿಸಲು ಗಂಟೆಗೆ ಸುಮಾರು 120 ಲೀಟರ್ ನೀರು ಬೇಕು. ಕಲಬುರಗಿಯ ಬೇಸಿಗೆಯಲ್ಲಿ ಇದು ಸಣ್ಣ ಪ್ರಮಾಣವೇನಲ್ಲ. ಮಂಗಳೂರಿಗೆ ಬಂದರೆ ಕಥೆಯೇ ಬೇರೆ: 34 ಡಿಗ್ರಿ, ಶೇ. 65 ತೇವ ಇದ್ದಾಗ ಆರ್ದ್ರ ಬಲ್ಬ್ ತಾಪ 28.5, ಅದೇ ದಕ್ಷತೆಯಲ್ಲಿ ದಕ್ಕುವುದು 2 ಡಿಗ್ರಿಯ ಚೂರುಪಾರು. ಅಲ್ಲಿ ಬರಿ ಫ್ಯಾನ್ ಸಾಕು. 40 ಡಿಗ್ರಿ ಮತ್ತು ಶೇ. 50 ತೇವದಲ್ಲಿ ಫ್ಯಾನ್ ಉಪಕಾರಿ, 47 ಡಿಗ್ರಿ ಮತ್ತು ಶೇ. 10 ತೇವದಲ್ಲಿ ಅಪಕಾರಿ ಎಂಬ ಮಾರಿಸ್ ಮತ್ತಿತರರ 2019ರ ಪ್ರಯೋಗವೂ ಈ ದಿಕ್ಕಿಗೇ ಬೆರಳು ತೋರಿಸುತ್ತದೆ.

ನೀರಿನ ಶುದ್ಧತೆಯ ಮಾತನ್ನು ಇಲ್ಲಿ ವಿಸ್ತರಿಸುವುದಿಲ್ಲ. 1989ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲೂಸಾದಲ್ಲಿ ಲೀಜನೆಲ್ಲಾ ನ್ಯುಮೋನಿಯಾ ಹರಡಿದ್ದು ಕಿರಾಣಿ ಅಂಗಡಿಯೊಂದರಲ್ಲಿ ತರಕಾರಿಗೆ ಮಂಜು ಹಾಯಿಸುತ್ತಿದ್ದ ಯಂತ್ರದಿಂದ ಎಂಬುದನ್ನು ನೆನಪಿಸಿದರೆ ಸಾಕು.

ಬಗೆಹರಿಯದ ಪ್ರಶ್ನೆಗಳು ಎರಡು. ಹನಿ ಸಣ್ಣದಾದಷ್ಟೂ ಒಳ್ಳೆಯದು, ಮೈ ಒದ್ದೆಯಾಗಬಾರದು ಎಂಬುದು ಮಾರುವವರ ಹೆಗ್ಗಳಿಕೆ. ಆದರೆ ಬೆವರದ ದೇಹಕ್ಕೆ ಮೈ ಒದ್ದೆಯಾಗುವುದೇ ದೊಡ್ಡ ಲಾಭವಿರಬಹುದು. ಮೇಲಿನ 490 ವಾಟ್ ಅದರ ಸುಳಿವು. ಹಾಗಿದ್ದರೆ ದುಬಾರಿ ನಾಝಲ್‌ಗಿಂತ ಒದ್ದೆ ಟವೆಲ್ಲೇ ಗೆದ್ದೀತು. ಎರಡನೆಯದು ಅಳತೆಯದು. ಮಂಜಿನಲ್ಲಿಟ್ಟ ಉಷ್ಣಮಾಪಕದ ಮೇಲೆ ಹನಿ ಕೂತರೆ ಅದು ಗಾಳಿಯ ತಾಪವನ್ನು ಬಿಟ್ಟು ಆರ್ದ್ರ ಬಲ್ಬ್ ತಾಪದತ್ತ ಜಾರುತ್ತದೆ, ಇಳಿಕೆ ಇದ್ದದ್ದಕ್ಕಿಂತ ಹೆಚ್ಚೆಂದು ತೋರುತ್ತದೆ. ಇನ್ನು ಮುಂದೆ ಇಂಥ ಅಧ್ಯಯನ ಕೈಗೊಳ್ಳುವವರು ಸಂವೇದಕವನ್ನು ಹನಿಯಿಂದ ಹೇಗೆ ಕಾಪಾಡಿದರು, ಮಂಜಿನಡಿ ಕುಳಿತವರ ವಯಸ್ಸೆಷ್ಟು, ಅವರ ಮೈ ಎಷ್ಟು ಒದ್ದೆಯಾಗಿತ್ತು ಎಂಬುದನ್ನೂ ತಾಪದ ಅಂಕಿಯ ಜೊತೆಗೇ ದಾಖಲಿಸಬೇಕೆಂದು ಕೋರುತ್ತೇನೆ.