ಉದುರುವ ಕೂದಲು, ಕುತ್ತಿಗೆಯ ಗ್ರಂಥಿ

ಕೂದಲು ಉದುರುತ್ತಿದೆ ಎಂದರೆ ಸಾಕು, "ಒಮ್ಮೆ ಥೈರಾಯ್ಡ್ ಚೆಕ್ ಮಾಡಿಸಿಬಿಡು" ಎನ್ನುತ್ತಾರೆ ಮನೆಯವರು. ಈ ಮಾತು ಮನೆಮಾತಾಗಲು ನೂರೈವತ್ತು ವರ್ಷ ಹಿಡಿಯಿತು.

ಮುಖ ಊದಿ, ಮಾತು ನಿಧಾನವಾಗಿ, ಚಟುವಟಿಕೆಯೇ ಉಡುಗಿಹೋದ ಹೆಂಗಸರ ಸ್ಥಿತಿಯನ್ನು ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ವಿವರಿಸಿದ. ಕಾರಣ ಮಾತ್ರ ಹೊಳೆದಿರಲಿಲ್ಲ. ಹತ್ತು ವರ್ಷದ ನಂತರ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಖರ್, ಗಳಗಂಡಕ್ಕಾಗಿ ತಾನು ಇಡೀ ಥೈರಾಯ್ಡ್ ಗ್ರಂಥಿಯನ್ನು ತೆಗೆದುಹಾಕಿದ್ದ ರೋಗಿಗಳು ಅದೇ ರೀತಿ ಕುಗ್ಗಿಹೋಗಿದ್ದನ್ನು ಕಂಡು ಅದನ್ನು ಮುಚ್ಚಿಡದೆ ಬರೆದ. ಎರಡೂ ಥೈರಾಯ್ಡ್ ಕೊರತೆಯ ಫಲವೇ ಎಂದು 1888ರಲ್ಲಿ ಲಂಡನ್ನಿನ ವೈದ್ಯರ ಸಮಿತಿ ತೀರ್ಮಾನಿಸಿತು. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಇದೇ ಕೊರತೆಯಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ರಸ ಚುಚ್ಚಿದ. ಆಕೆ ಮತ್ತೆ 28 ವರ್ಷ ಬದುಕಿದಳು. ಆ ಒಂದು ಜೀವಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು.

ಗ್ರಂಥಿ ಸೋಲುವುದೇಕೆ? ನಮ್ಮ ದೇಶದಲ್ಲಿ ಮೊದಲು ಸಿಕ್ಕ ಉತ್ತರ ಅಯೋಡಿನ್ ಕೊರತೆ. 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಉಪ್ಪಿನ ಪ್ರಯೋಗವೇ ನಮ್ಮ ಅಡುಗೆಮನೆಯ ಅಯೋಡಿನ್ ಉಪ್ಪಿಗೆ ದಾರಿಯಾಯಿತು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಮುಖ್ಯ ಕಾರಣವೇ ಬೇರೆ: ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ತಿರುಗಿಬೀಳುವುದು. ಜಪಾನಿನ ವೈದ್ಯ ಹಾಶಿಮೋಟೊ 1912ರಲ್ಲಿ ನಾಲ್ವರು ಹೆಂಗಸರಲ್ಲಿ ವರ್ಣಿಸಿದ್ದು ಈ ಕಾಯಿಲೆಯನ್ನೇ. ಇಂಥವರಲ್ಲಿ ಕೆಲವರಿಗೆ ತಲೆಯಲ್ಲಿ ನಾಣ್ಯದಂತೆ ದುಂಡಗೆ ಕೂದಲು ಹೋಗುವುದೂ ಉಂಟು.

ಕೂದಲಿನ ಕಡೆಯ ತಿಳಿವು ತಡವಾಗಿ ಬಂತು. ಜ್ವರ, ಹೆರಿಗೆಯಂಥ ಆಘಾತದ ನಂತರ ಕೂದಲು ಒಟ್ಟಿಗೆ ವಿಶ್ರಾಂತಿಗೆ ಸರಿದು, ಎರಡು–ಮೂರು ತಿಂಗಳ ಮೇಲೆ ಉದುರುತ್ತದೆಂದು 1961ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ತೋರಿಸಿಕೊಟ್ಟ. ಥೈರಾಯ್ಡ್ ಹಾರ್ಮೋನು ಕೂದಲ ಬುಡಕ್ಕೆ ನೇರವಾಗಿಯೇ ತಾಗುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಸಾಕ್ಷ್ಯ ಸಿಕ್ಕಿದ್ದು 2008ರಲ್ಲಿ.

ನನ್ನ ಅಕ್ಕನ ಮಗಳು ಹೆರಿಗೆಯಾದ ನಾಲ್ಕನೇ ತಿಂಗಳಲ್ಲಿ, ತಲೆಗೆ ನೀರು ಹಾಕಿಕೊಂಡು ಬಂದು, ಉದುರಿದ ಕೂದಲನ್ನು ಕಪ್ಪು ಬಟ್ಟೆಯ ಮೇಲೆ ಹರಡಿ ತೋರಿಸಿದಳು. ಒಂದೊಂದರ ತುದಿಯಲ್ಲೂ ಸಾಸಿವೆಗಿಂತ ಸಣ್ಣ ಬಿಳಿ ಗಂಟು. ಅದು ವಿಶ್ರಾಂತಿ ಮುಗಿಸಿದ ಕೂದಲಿನ ಗುರುತು. ಹೆರಿಗೆಯೊಂದೇ ಅದಕ್ಕೆ ಸಾಕು. ಆದರೆ ಬಾಣಂತಿಯರಿಗೆ ಥೈರಾಯ್ಡ್ ಉರಿಯೂತ ಬರುವುದೂ ಈ ತಿಂಗಳುಗಳಲ್ಲೇ, ಕಬ್ಬಿಣದ ಕೊರತೆ ಕಾಡುವುದೂ ಈಗಲೇ. ಅವಳಿಗೆ ಮೂರನ್ನೂ ನೋಡಬೇಕಿತ್ತು. ಟಿಎಸ್‌ಎಚ್ (ಥೈರಾಯ್ಡನ್ನು ದುಡಿಸುವ ಹಾರ್ಮೋನು) ತುಸು ಏರಿದ್ದನ್ನೇ ಹಿಡಿದು ಕಬ್ಬಿಣವನ್ನು ನೋಡದೆ ಬಿಡುವುದು ನನ್ನನ್ನು ತುಂಬಾ ನೋಯಿಸುವ ತಪ್ಪು. ಥೈರಾಯ್ಡಿನಿಂದಾದ ಉದುರುವಿಕೆ ಸಾಮಾನ್ಯವಾಗಿ ತಲೆಯ ತುಂಬ ಹರಡಿರುತ್ತದೆ. ಬೈತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ವಂಶದ ಕಡೆಗೂ ನೋಡಬೇಕು.

ಇತ್ತೀಚೆಗೆ ಹೊಸ ತೊಡಕೊಂದು ಸೇರಿದೆ. ಕೂದಲಿಗೆಂದು ನುಂಗುವ ಹೆಚ್ಚಿನ ಪ್ರಮಾಣದ ಬಯೋಟಿನ್ ಗುಳಿಗೆ ಕೆಲವು ಬಗೆಯ ರಕ್ತಪರೀಕ್ಷೆಯನ್ನೇ ದಾರಿತಪ್ಪಿಸುತ್ತದೆ. ಟಿಎಸ್‌ಎಚ್ ಇಳಿದಂತೆ, ಥೈರಾಯ್ಡ್ ಹಾರ್ಮೋನು ಟಿ4 ಏರಿದಂತೆ ಕಂಡು, ಸರಿಯಿರುವ ಗ್ರಂಥಿಯೂ ಅತಿಯಾಗಿ ದುಡಿಯುತ್ತಿದೆ ಎಂಬ ವರದಿ ಬರಬಹುದು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಎಚ್ಚರಿಸಿದ್ದರು. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲು ಆ ಗುಳಿಗೆ ನಿಲ್ಲಿಸಬೇಕು. ತೆಗೆದುಕೊಳ್ಳುತ್ತಿದ್ದ ವಿಷಯವನ್ನು ವೈದ್ಯರಿಗೂ ಲ್ಯಾಬಿನವರಿಗೂ ಹೇಳಬೇಕು.